ಪುಸ್ತಕದಲ್ಲಿಲ್ಲದ ಚಿಟಿಕೆ

ಚೆಕ್ಕರಮ್ಮನಿಗೆ ಅನುಮಾನ ಹುಟ್ಟಿದ್ದು ಅಳಿಯ ಕೋಳಿ ರೆಕ್ಕೆ ತಂದದ್ದಕ್ಕಲ್ಲ, ಅದನ್ನು ತಾನೇ ಬೇಯಿಸುತ್ತೇನೆ ಅಂದದ್ದಕ್ಕೆ.

ಅವನು ಬಸ್ ಡಿಪೋ ಎದುರಿನ ಊಟದ ಹೋಟೆಲಿನಲ್ಲಿ ಅಡುಗೆಯವನು. ಮದುವೆಯಾದ ಹದಿಮೂರು ವರ್ಷದಲ್ಲಿ ಮನೆಯ ಒಲೆಯನ್ನು ನೀರು ಕಾಯಿಸುವುದಕ್ಕೂ ಮುಟ್ಟಿದವನಲ್ಲ. "ಹತ್ತು ಗಂಟೆ ಬೆಂಕಿ ಮುಂದೆ ನಿಂತು ಬಂದಿದ್ದೀನಿ, ಇಲ್ಲೂ ಅದರ ಮುಖ ತೋರಿಸಬೇಡಿ" ಎನ್ನುವುದು ಅವನ ಮಾಮೂಲಿ ಮಾತು. ಅಂಥವನು ಒಂದು ಭಾನುವಾರ ಬೆಳಿಗ್ಗೆ ಒಂದು ಕಿಲೋ ರೆಕ್ಕೆಯ ಕವರನ್ನು ಅಡುಗೆಕಟ್ಟೆಯ ಮೇಲಿಟ್ಟು, ಅಂಗಿಯ ತೋಳು ಮಡಚಿ, "ಇವತ್ತು ಯಾರೂ ಒಳಗೆ ಬರಬೇಡಿ" ಅಂದ.

ಬರಬೇಡಿ ಅಂದರೆ ಬರದೇ ಇರುವ ಪೈಕಿಯವಳಲ್ಲ ಅವನ ಅತ್ತೆ. ಮೂವತ್ತೊಂದು ವರ್ಷ ಊರ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ನಿವೃತ್ತಿಯಾಗಿ ಮಗಳ ಮನೆ ಸೇರಿ ಆರು ವರ್ಷವಾದರೂ ಬೀದಿಯವರ ಬಾಯಲ್ಲಿ ಅವಳು ಈಗಲೂ ಚೆಕ್ಕರಮ್ಮನೇ. ಟಿಕೆಟ್ ಇಲ್ಲದವನನ್ನು ಹಿಡಿಯಲು ಟಿಕೆಟ್ ಕೇಳಬೇಕಾಗಿಲ್ಲ ಎನ್ನುವುದು ಅವಳ ಲೆಕ್ಕಾಚಾರ. ಅವನು ಕಿಟಕಿಯಾಚೆ ಬೇಕಾದ್ದಕ್ಕಿಂತ ಹೆಚ್ಚು ಆಸಕ್ತಿಯಿಂದ ನೋಡುತ್ತಿರುತ್ತಾನೆ. ಯಾರೂ ಕೇಳದಿದ್ದರೂ ಮಾತಾಡುತ್ತಾನೆ. ಕೈ ಸುಮ್ಮನಿರುವುದಿಲ್ಲ. ಈ ಮೂರೂ ಗುಣ ಆ ಭಾನುವಾರ ಅಳಿಯನಲ್ಲಿ ಕಂಡವು.

"ಎದೆಮಾಂಸ ಒಂದು ಕಿಲೋ ತರೋ ದುಡ್ಡಲ್ಲಿ ರೆಕ್ಕೆ ಎರಡು ಕಿಲೋ ಬರುತ್ತೆ ಅತ್ತೆ," ಎಂದು ಕೇಳದೆಯೇ ಶುರುಮಾಡಿದ. "ತುದಿ ಕತ್ತರಿಸದೆ ಕೊಡು ಅಂದ್ರೆ ಇನ್ನೂ ಕಡಿಮೆ. ತುದಿಯಲ್ಲಿ ನಾಳೆಗೆ ಸೂಪ್ ಆಗುತ್ತೆ. ಎಣ್ಣೆ ಒಂದು ಹನಿ ಬೇಡ. ತೊಗಲಲ್ಲಿರೋ ಕೊಬ್ಬೇ ಸಾಕು."

"ನಾನೇನು ಕೇಳಿದೆನಾ?" ಅಂದಳು ಚೆಕ್ಕರಮ್ಮ.

"ಇಲ್ಲ, ಹೇಳಿದೆ ಅಷ್ಟೇ" ಎಂದು ಕಿಟಕಿಯಾಚೆ ನೋಡಿದ. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ ಬಿಟ್ಟು ಏನೂ ಇರಲಿಲ್ಲ.

ಕೆಲಸ ಮಾತ್ರ ಚಂದ. ಕೀಲು ಎಲ್ಲಿದೆಯೆಂದು ಬೆರಳಲ್ಲಿ ಹುಡುಕಿ ಒಂದೇ ಏಟಿಗೆ ರೆಕ್ಕೆಯನ್ನು ಮೂರು ಮಾಡಿದ. ತುದಿಗಳು ಪಾತ್ರೆಗೆ ಬಿದ್ದವು. ಉಳಿದ ತುಂಡುಗಳನ್ನು ಹಳೇ ಬಟ್ಟೆಯಲ್ಲಿ ಒತ್ತಿ ಒತ್ತಿ ಒಣಗಿಸಿ, ದಪ್ಪ ತಳದ ಬಾಣಲೆಯಲ್ಲಿ ತೊಗಲು ಕೆಳಗಾಗಿ ಜೋಡಿಸಿ ಮುಚ್ಚಿದ. ಇನ್ನೊಂದು ಒಲೆಯ ಮೇಲೆ ಸಕ್ಕರೆ, ವಿನೆಗರ್, ಸೋಯಾ ಸಾಸ್, ಜಜ್ಜಿದ ಬೆಳ್ಳುಳ್ಳಿ, ಮೆಣಸಿನ ಪುಡಿ. ಎಲ್ಲಿಂದಲೋ ತಂದ ಪುಟ್ಟ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಮೊಮ್ಮಗಳ ಹಳೇ ನೋಟ್‌ಪುಸ್ತಕದಲ್ಲಿ ಬರೆದುಕೊಂಡೇ ಹಾಕಿದ. ಉಪ್ಪನ್ನೂ ತೂಗಿದ. ಇಪ್ಪತ್ತು ವರ್ಷದ ಅಡುಗೆಯವನು ಉಪ್ಪು ತೂಗುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ.

ಪಾಕ ಕುದಿಯುತ್ತಾ ಸಣ್ಣ ಗುಳ್ಳೆ ಹೋಗಿ ದೊಡ್ಡ ಗುಳ್ಳೆ ಬರತೊಡಗಿದಾಗ ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಎಳೆದು ನೋಡಿದ. ಇನ್ನೊಂದು ಹನಿಯನ್ನು ತುಟಿಗೆ ಸವರಿಕೊಂಡು ಕಣ್ಣು ಮುಚ್ಚಿದ. ಬಾಯಿಗೆ ಮಾತ್ರ ಹಾಕಿಕೊಳ್ಳಲಿಲ್ಲ.

ಅವನು ಚಾಕು ತೊಳೆಯಲು ಹಿತ್ತಲಿಗೆ ಹೋದದ್ದೇ ತಡ, ಚೆಕ್ಕರಮ್ಮ ಚಮಚ ಅದ್ದಿ ನೆಕ್ಕಿದಳು. ಸಿಹಿ ಇತ್ತು, ಖಾರ ಇತ್ತು, ಉಪ್ಪು ಸಾಲದಾಗಿತ್ತು. ಮಗಳ ಮನೆಯಲ್ಲಿರುವವಳು ಅಳಿಯನ ಅಡುಗೆಯಲ್ಲಿ ಕೊಂಕು ತೆಗೆಯಬಾರದು ಎನ್ನುವುದು ಅವಳು ತನಗೇ ಹಾಕಿಕೊಂಡ ಕಟ್ಟಳೆ. ಕೊಂಕು ತೆಗೆಯದೆ ಸರಿಮಾಡಬಾರದು ಎಂಬ ಕಟ್ಟಳೆ ಇರಲಿಲ್ಲ. ಡಬ್ಬಿ ತೆರೆದು ಒಂದು ಚಿಟಿಕೆ ಹಾಕಿ ನೋಡಿದಳು, ಇನ್ನೊಂದು ಹಾಕಿ ನೋಡಿದಳು, ಮೂರನೆಯದಕ್ಕೆ ಸರಿಹೋಯಿತು. ಅಳಿಯನ ಹೆಜ್ಜೆ ಸಪ್ಪಳ ಕೇಳುವಷ್ಟರಲ್ಲಿ ಡಬ್ಬಿ ಮುಚ್ಚಿತ್ತು, ಅವಳು ಬಾಗಿಲಲ್ಲಿದ್ದಳು.

ಊಟಕ್ಕೆ ಕೂತಾಗ ರೆಕ್ಕೆಗಳು ಕೆಂಪಗೆ ಹೊಳೆಯುತ್ತಿದ್ದವು. ಹನ್ನೊಂದರ ಪೋರಿ ಮೊಮ್ಮಗಳು ಬೆರಳು, ಮೊಣಕೈ, ಗಲ್ಲ ಎಲ್ಲ ಅಂಟು ಮಾಡಿಕೊಂಡು ತಿಂದಳು.

"ಉಪ್ಪು ಹೇಗಿದೆ?" ಎಂದು ಅಳಿಯ ಒಬ್ಬೊಬ್ಬರನ್ನೂ ಕೇಳಿದ.

"ಸೂಪರ್ ಅಪ್ಪಾ."

"ಸರಿ ಇದೆ" ಅಂದಳು ಹೆಂಡತಿ.

"ಅತ್ತೆ, ನೀವು?"

"ಹದವಾಗಿದೆ" ಅಂದಳು ಚೆಕ್ಕರಮ್ಮ, ಎಲುಬು ಚೀಪುತ್ತಾ. ಅವನು ಪುಸ್ತಕ ತೆರೆದು ಏನೋ ಗುರುತು ಹಾಕಿಕೊಂಡ. ತಾನು ತಿಂದದ್ದು ಒಂದೇ ಒಂದು ತುಂಡು.

ಎರಡನೆಯ ಭಾನುವಾರವೂ ಅದೇ ಆಯಿತು. ಅದೇ ಒಂದು ಕಿಲೋ, ಅದೇ ತಕ್ಕಡಿ, ಅವನು ಬೆನ್ನು ತಿರುಗಿಸಿದಾಗ ಅದೇ ಮೂರು ಚಿಟಿಕೆ. ಚೆಕ್ಕರಮ್ಮ ಈಗ ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದ್ದಳು. ಗಂಡಸು ಮನೆಯಲ್ಲಿ ಸರಿಯಾಗಿ ಉಣ್ಣುವುದಿಲ್ಲ ಅಂದರೆ ಇನ್ನೆಲ್ಲೋ ಉಣ್ಣುತ್ತಾನೆ. ಕೇಳದೆ ಉಪಕಾರ ಮಾಡುತ್ತಾನೆ ಅಂದರೆ ಏನನ್ನೋ ಮುಚ್ಚುತ್ತಾನೆ. ಮಗಳು ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಹಿಡಿದು ನಿಂತು ಬಂದು, ಸೋಮವಾರ ಬಟ್ಟೆ ಮಡಚುತ್ತಿದ್ದಾಗ ಚೆಕ್ಕರಮ್ಮ ಮೆಲ್ಲಗೆ ವಿಷಯ ಎತ್ತಿದಳು.

"ನಿನ್ನ ಗಂಡ ಹೋಟೆಲಿಗೇ ಹೋಗ್ತಾನೆ ತಾನೇ?"

"ಇನ್ನೆಲ್ಲಿಗೆ ಹೋಗ್ತಾರೆ?"

"ಅದನ್ನೇ ಕೇಳ್ತಿರೋದು. ಹೊಟ್ಟೆ ತುಂಬಿರೋನ ಹಾಗೆ ಕೂರ್ತಾನೆ. ಹೋದ ವಾರದಿಂದ ನೋಡ್ತಿದ್ದೀನಿ."

ಮಗಳು ದಿಂಬಿನ ಕವರನ್ನು ಫಟ್ಟೆಂದು ಒದರಿದಳು. "ಅಮ್ಮಾ, ನಿನಗೆ ರಿಟೈರ್ ಆಗಿ ಆರು ವರ್ಷ ಆಯ್ತು. ಇದು ಬಸ್ಸಲ್ಲ, ಮನೆ. ಎಲ್ಲರ ಹತ್ರ ಟಿಕೆಟ್ ಕೇಳ್ಕೊಂಡು ಓಡಾಡಬೇಡ."

ಬಾಯಲ್ಲಿ ಹಾಗೆ ಅಂದವಳ ತಲೆಯಲ್ಲೂ ಹುಳ ಹೊಕ್ಕಿತ್ತು ಅನ್ನುವುದು ಗುರುವಾರ ಗೊತ್ತಾಯಿತು. ಅವತ್ತು ಅವಳು ಕೆಲಸದಿಂದ ಬಂದು, ಕಾಲುನೋವಲ್ಲೇ ನಿಂತು, ಗಂಡನಿಗೆ ಇಷ್ಟವೆಂದು ಮೀನು ಹುರಿದಿದ್ದಳು. ಅವನು ತಟ್ಟೆ ಖಾಲಿ ಮಾಡಿ ಏಳಲು ಹೊರಟ.

"ಹೇಗಿತ್ತು ಅಂತ ಒಂದು ಮಾತಿಲ್ಲ" ಅಂದಳು.

"ಚೆನ್ನಾಗಿತ್ತು."

"ಏನು ಚೆನ್ನಾಗಿತ್ತು? ಹುಣಸೆಹುಳಿ ಜಾಸ್ತಿ ಬಿದ್ದು ನನಗೇ ಹಲ್ಲು ಚುಳ್ ಅಂತು. ನೀವು ಮಣ್ಣು ತಿಂದಂಗೆ ತಿಂದ್ರಿ. ನಿಮ್ಮ ರೆಕ್ಕೆಗಾದ್ರೆ ಮೂರು ಜನರ ಹತ್ರ ಸಾಕ್ಷಿ ಬೇಕು, ನಾನು ಮಾಡಿದ್ದಕ್ಕೆ ಬಾಯಿ ಬಿಡೋಕೂ ಬೇಜಾರು."

"ಸುಸ್ತಾಗಿದೆ ಕಣೇ."

"ನನಗಿಲ್ವಾ ಸುಸ್ತು?"

ಮೊಮ್ಮಗಳು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡಳು. ಚೆಕ್ಕರಮ್ಮ ತನ್ನ ತಟ್ಟೆಯ ಮುಳ್ಳುಗಳನ್ನು ಒಂದೊಂದಾಗಿ ಬದಿಗೆ ಸರಿಸುತ್ತಾ, ಅಳಿಯನ ಮುಖವನ್ನು ಓದಿದಳು. ಸಿಕ್ಕಿಬೀಳುವ ಹೆದರಿಕೆ ಅಲ್ಲಿ ಎದ್ದು ಕಾಣುತ್ತಿತ್ತು. ಯಾರೋ ಒಬ್ಬಳು ಇದ್ದಾಳೆ ಎಂದು ಅವಳು ಅಲ್ಲೇ ತೀರ್ಮಾನ ಮಾಡಿದಳು.

ಮೂರನೆಯ ಭಾನುವಾರದ ರೆಕ್ಕೆ ತಿಂದು, ಬುಧವಾರ ಮಧ್ಯಾಹ್ನ ಚೆಕ್ಕರಮ್ಮ ಬಸ್ ಹತ್ತಿದಳು. ಟಿಕೆಟ್ ಕೊಂಡಳು. ಡಿಪೋದ ಎದುರು ಇಳಿದು, ಹೋಟೆಲಿನ ಹಿಂಬಾಗಿಲು ಕಾಣುವ ಹಾಗೆ ಚಹಾದ ಗಾಡಿಯ ಮರೆಯಲ್ಲಿ ನಿಂತಳು. ಅಳಿಯ ಅಲ್ಲೇ ಇದ್ದ. ಹೊಗೆಯ ಮಧ್ಯೆ ಬೆವರುತ್ತಾ ಸೌಟು ತಿರುಗಿಸುತ್ತಿದ್ದ. ಅಲ್ಲಿ ಯಾವಳೂ ಇರಲಿಲ್ಲ. ಅವಳಿಗೆ ಸ್ವಲ್ಪ ನಿರಾಸೆಯೇ ಆಯಿತು.

"ಏನ್ ಚೆಕ್ಕರಮ್ಮಾ, ಇನ್ನೂ ಡ್ಯೂಟಿಯಲ್ಲೇ ಇದ್ದೀರಾ?" ಎಂದು ಹಿಂದಿನಿಂದ ದನಿ ಬಂತು. ಅವಳ ಕಾಲದ ಬೋಳುತಲೆಯ ಕಂಡಕ್ಟರು. ನಿತ್ಯ ಆ ಹೋಟೆಲಿನಲ್ಲೇ ಅವನ ಊಟ.

"ನಮ್ಮ ಅಳಿಯ ಇಲ್ಲೇ ಅಲ್ವಾ ಇರೋದು."

"ನಿಮ್ಮ ಅಳಿಯಾನಾ!" ಅವನು ದನಿ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ. ಒಂದು ದಿನ ಉಪ್ಪೇ ಇರಲ್ಲ, ಇನ್ನೊಂದು ದಿನ ಬಾಯಿಗಿಡೋಕಾಗಲ್ಲ. ನಾಲ್ಕು ತಿಂಗಳಿಂದ ಇದೇ ಗೋಳು. ಮೊನ್ನೆ ಯಜಮಾನ್ರು ಎಲ್ಲರ ಮುಂದೇನೇ ತಟ್ಟೆ ವಾಪಸ್ ಕಳಿಸಿದ್ರು. ಹೊಸ ಅಡುಗೆಯವನನ್ನ ನೋಡಿಟ್ಟಿದ್ದಾರಂತೆ. ಅದೇನು ತಲೇಲಿ ಇಟ್ಕೊಂಡು ಅಡುಗೆ ಮಾಡ್ತಾನೋ."

ಚೆಕ್ಕರಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಗಳ ಇಸ್ತ್ರಿಯ ಸಂಬಳ ಮನೆ ಬಾಡಿಗೆಗೂ ಸಾಲುವುದಿಲ್ಲ. ಅಳಿಯನ ಕೆಲಸ ಹೋದರೆ ನಾಲ್ಕೂ ಜನ ಬೀದಿಗೆ ಬರಬೇಕಾಗುತ್ತದೆ. ಬಸ್ಸಿನಲ್ಲಿ ಬರುತ್ತಾ ಅವಳು ಇಬ್ಬರ ಮೇಲೂ ಸಿಟ್ಟಾದಳು, ಅಳಿಯನ ಮೇಲೂ, ಇನ್ನೂ ಕಣ್ಣಿಗೆ ಬೀಳದ ಆ ಹೆಂಗಸಿನ ಮೇಲೂ.

ಆ ಸಿಟ್ಟಿನಲ್ಲಿ ಹಾಲು ಕಾಯಿಸುವುದನ್ನೇ ಮರೆತಳು. ಮರುದಿನ ಮೂರು ಗಂಟೆಗೆ ಅಳಿಯ ಊಟದ ಹೊತ್ತಿನ ಕೆಲಸ ಮುಗಿಸಿ ಬಂದು, ಬಾಯಾರಿದೆಯೆಂದು ಕಟ್ಟೆಯ ಮೇಲಿದ್ದ ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡ. ಅದರ ಹುಳಿ ವಾಸನೆ ಬಾಗಿಲಲ್ಲಿ ಕೂತಿದ್ದ ಚೆಕ್ಕರಮ್ಮನ ಮೂಗಿಗೂ ಬಡಿಯಿತು. ಬೇಡ ಅನ್ನಲು ಬಾಯಿ ತೆರೆದವಳು ಹಾಗೆಯೇ ಕೂತಳು. ಅವನು ಗಟಗಟ ಕುಡಿದು, ತುಟಿ ಒರೆಸಿಕೊಂಡು, ಲೋಟ ತೊಳೆದಿಟ್ಟ.

"ಹಾಲು ಹೇಗಿತ್ತು?" ಅಂದಳು.

"ಚೆನ್ನಾಗಿತ್ತು ಅತ್ತೆ."

"ಕೆಟ್ಟಿತ್ತು."

ಅವನು ಕಿಟಕಿಯ ಕಡೆ ತಿರುಗಿದ. ಆ ಗೋಡೆಯನ್ನು ಎಷ್ಟು ಹೊತ್ತು ನೋಡಲು ಸಾಧ್ಯವೋ ಅಷ್ಟು ಹೊತ್ತು ನೋಡಿದ. ಆಮೇಲೆ ನೆಲಕ್ಕೆ ಕುಸಿದು ಕೂತ.

"ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ. ಅದು ಹೋಗ್ತಾ ಎಲ್ಲಾನೂ ಎತ್ಕೊಂಡು ಹೋಯ್ತು. ವಾಸನೆ ಇಲ್ಲ, ರುಚಿ ಇಲ್ಲ. ಡಾಕ್ಟ್ರು ವಾಪಸ್ ಬರಬಹುದು ಅಂತಾರೆ, ಬರದೇನೂ ಇರಬಹುದು ಅಂತಾರೆ."

"ನನ್ನ ಮಗಳಿಗೆ ಗೊತ್ತಾ?"

"ಅಡುಗೆಯವನ ನಾಲಿಗೆ ಹೋಯ್ತು ಅಂತ ಯಾವ ಬಾಯಲ್ಲಿ ಹೇಳಲಿ ಅತ್ತೆ?"

ಚೆಕ್ಕರಮ್ಮನಿಗೆ ನಾಚಿಕೆಯಾಯಿತು. ಮೂರು ವಾರ ಅವನ ತಟ್ಟೆಯಲ್ಲಿ ಅವಳು ಇನ್ನೊಬ್ಬ ಹೆಂಗಸನ್ನು ಹುಡುಕಿದ್ದಳು.

"ಮತ್ತೆ ಈ ರೆಕ್ಕೆ ಯಾಕೆ?"

ಅವನ ಮುಖದಲ್ಲಿ ಮೊದಲ ಸಲ ಒಂದಿಷ್ಟು ಜೀವ ಬಂತು. "ನನಗೆ ಉಳಿದಿರೋದು ಎರಡೇ. ಅಂಟು ಬೆರಳಿಗೆ ಗೊತ್ತಾಗುತ್ತೆ. ಖಾರ ತುಟಿಗೆ ಗೊತ್ತಾಗುತ್ತೆ, ಅದು ರುಚಿಯಲ್ಲ, ಉರಿ. ಈ ಎರಡರ ಮೇಲೇ ನಿಲ್ಲೋ ಅಡುಗೆ ಯಾವುದು ಅಂತ ಯೋಚಿಸಿದೆ. ರೆಕ್ಕೆ ಅಗ್ಗ, ಮನೇಲಿ ಕಲಿಯೋಕೆ ಕೈ ಸುಡಲ್ಲ. ಉಪ್ಪು, ಹುಳಿ, ಸಿಹಿ ತೂಕದಲ್ಲಿ ಹಿಡಿದೆ. ಶನಿವಾರ ಹನ್ನೊಂದಕ್ಕೆ ಯಜಮಾನ್ರು ನಾಲ್ಕು ಕಿಲೋ ಮಾಡಿಸಿ ತಿಂದು ನೋಡ್ತಾರೆ. ಮೆಚ್ಚಿದ್ರೆ ರೆಕ್ಕೆಗೇ ಒಂದು ಒಲೆ ಹಾಕಿ ನನಗೆ ಕೊಡ್ತಾರೆ. ಇಲ್ಲಾಂದ್ರೆ ಬೇರೆಯವನು ಬರ್ತಾನೆ." ಪುಸ್ತಕವನ್ನು ಜೇಬಿನಿಂದ ತೆಗೆದು ಅವಳ ಮುಂದೆ ಹಿಡಿದ. "ನೋಡಿ, ಉಪ್ಪು ಆರು ಗ್ರಾಂ. ಮೂರು ವಾರ ಅದೇ ಆರು ಗ್ರಾಂ, ಮೂರು ವಾರ ನೀವೆಲ್ಲ ಸರಿ ಇದೆ ಅಂದ್ರಿ. ನಿಮ್ಮ ಬಾಯಿಂದ 'ಹದವಾಗಿದೆ' ಅಂತ ಬಂದ ಮೇಲೇ ನನಗೆ ಧೈರ್ಯ ಬಂದಿದ್ದು."

ಚೆಕ್ಕರಮ್ಮ ಪುಟದ ಮೇಲೆ ಬೆರಳಾಡಿಸಿದಳು. ಆ ಪುಸ್ತಕದಲ್ಲಿ ಎಲ್ಲ ಇತ್ತು, ಅವಳ ಮೂರು ಚಿಟಿಕೆ ಇರಲಿಲ್ಲ.

ಆಗಲೇ ಹೇಳಬೇಕಿತ್ತು. ಮೂವತ್ತೊಂದು ವರ್ಷ ಇನ್ನೊಬ್ಬರ ಸುಳ್ಳನ್ನು ನಾಲ್ಕು ಜನರ ಮುಂದೆ ಎತ್ತಿ ತೋರಿಸಿದವಳಿಗೆ, ತನ್ನದೊಂದನ್ನು ಒಬ್ಬನ ಮುಂದೆ ಒಪ್ಪಿಕೊಳ್ಳಲು ಬರಲಿಲ್ಲ. "ಒಳ್ಳೇದಾಗ್ಲಿ" ಅಂದಳು. ಶುಕ್ರವಾರ ಬೆಳಿಗ್ಗೆ ಹೇಳೋಣವೆಂದರೆ ಮಗಳು ಎದುರಿಗಿದ್ದಳು. ಸಂಜೆ ಹೇಳೋಣವೆಂದರೆ ಅವನು ಮೊಮ್ಮಗಳ ಜೊತೆ ನಗುತ್ತಿದ್ದ. ಎಷ್ಟೋ ದಿನದ ಮೇಲೆ ನಗುತ್ತಿದ್ದ. ಆ ನಗು ಕೆಡಿಸಲು ಮನಸ್ಸಾಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಅದೂ ಸುಳ್ಳೇ. ಕೆಡಿಸಲು ಹೆದರಿದ್ದಳು.

ಶನಿವಾರ ಅವನು ಪುಸ್ತಕ ಜೇಬಿಗಿಳಿಸಿಕೊಂಡು ಹೊರಟ ಮೇಲೆ ಅವಳು ಅಡುಗೆಮನೆ ಹೊಕ್ಕಳು. ಹೋಟೆಲಿನಲ್ಲಿ ಬೇರೆ ಇದೆಯೆಂದು ಅವನು ಬಿಟ್ಟುಹೋಗಿದ್ದ ತಕ್ಕಡಿಯ ಮೇಲೆ ಕಾಗದ ಇಟ್ಟು, ಮಾಮೂಲಿ ಕೈಯಿಂದ ಮೂರು ಚಿಟಿಕೆ ಹಾಕಿದಳು. ಮೂರು ಗ್ರಾಂ ತೋರಿಸಿತು. ಒರೆಸಿ ಮತ್ತೆ ಹಾಕಿದಳು. ಮತ್ತೆ ಮೂರೇ. ನಾಲ್ಕು ಕಿಲೋಗೆ ಹನ್ನೆರಡು. ತೂಗಿ ಪೊಟ್ಟಣ ಕಟ್ಟಿದಳು.

"ಅಜ್ಜೀ, ಎಲ್ಲಿಗೆ?" ಎಂದಳು ಮೊಮ್ಮಗಳು. "ಚಪ್ಪಲಿ ಅದಲು ಬದಲು ಹಾಕ್ಕೊಂಡಿದ್ದೀರಿ."

"ನಿಮ್ಮಪ್ಪನ ಹೋಟೆಲಿಗೆ" ಎಂದು ಅವಳು ಅದಲುಬದಲು ಚಪ್ಪಲಿಯಲ್ಲೇ ಓಡಿದಳು.

ಅವಳು ಹಿಂಬಾಗಿಲಿನಿಂದ ನುಗ್ಗುವಾಗ ಹನ್ನೊಂದು ದಾಟಿತ್ತು. ಯಜಮಾನರು ಮೇಜಿನ ಮುಂದೆ ಕೂತಿದ್ದರು. ತಟ್ಟೆಯಲ್ಲಿ ರೆಕ್ಕೆಗಳು, ಕೈಯಲ್ಲಿ ಒಂದು ಕಡಿದ ತುಂಡು. ಮುಖ ನೋಡಿದರೆ ಸಾಕಿತ್ತು. ಅಳಿಯ ಟೋಪಿಯನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದ. ಆ ಮುಖದಲ್ಲಿ ಏನು ಬರೆದಿದೆಯೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಉಪ್ಪು ಕಡಿಮೆ" ಅಂದಳು ಚೆಕ್ಕರಮ್ಮ, ಏದುಸಿರು ಬಿಡುತ್ತಾ.

ಯಜಮಾನರು ತಲೆಯೆತ್ತಿದರು. "ನೀವು ತಿಂದೇ ಇಲ್ವಲ್ಲಮ್ಮಾ."

"ತಿನ್ನಬೇಕಾಗಿಲ್ಲ. ಮನೇಲಿ ಅವನು ಅಡುಗೆ ಮಾಡುವಾಗ ಪ್ರತಿ ಸಲ ನಾನೇ ಕದ್ದು ಉಪ್ಪು ಹಾಕ್ತಿದ್ದೆ. ಆಮೇಲೆ ಊಟಕ್ಕೆ ಕೂತು ಹದವಾಗಿದೆ ಅಂತಿದ್ದೆ. ಅವನ ಅಳತೆ ತಪ್ಪಿದ್ದು ನನ್ನಿಂದ." ಪೊಟ್ಟಣ ಮೇಜಿನ ಮೇಲಿಟ್ಟಳು. "ಹನ್ನೆರಡು ಗ್ರಾಂ. ಸ್ವಲ್ಪ ಬಿಸಿನೀರಲ್ಲಿ ಕರಗಿಸಿ ಇನ್ನೊಂದು ಸಲ ಬಾಣಲೆಗೆ ಹಾಕಿ ಹೊರಳಿಸಲಿ."

ಅಳಿಯ ಅವಳನ್ನೇ ನೋಡಿದ. ಬೈದಿದ್ದರೆ ವಾಸಿಯಿತ್ತು.

"ಅದು ಸರಿ," ಅಂದರು ಯಜಮಾನರು ನಿಧಾನವಾಗಿ. "ಅಡುಗೆಯವನು ಇವನು. ಬಡಿಸೋ ಮುಂಚೆ ಒಂದು ಹನಿ ನಾಲಿಗೆಗೆ ಹಾಕ್ಕೊಂಡು ನೋಡಲಿಲ್ವಾ?"

ಚೆಕ್ಕರಮ್ಮ ಆ ಕಣ್ಣುಗಳನ್ನು ಗುರುತಿಸಿದಳು. ಮೂವತ್ತೊಂದು ವರ್ಷ ಅವೇ ಕಣ್ಣು ಅವಳ ಮುಖದಲ್ಲಿದ್ದವು. ಏನಾದರೂ ಒಂದು ಕತೆ ಕಟ್ಟಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಳಿಯ ಟೋಪಿಯನ್ನು ಮೇಜಿನ ಮೇಲಿಟ್ಟ.

"ನನಗೆ ರುಚಿ ಗೊತ್ತಾಗಲ್ಲ ಯಜಮಾನ್ರೇ. ನಾಲ್ಕು ತಿಂಗಳಾಯ್ತು. ನಿಮ್ಮ ಗಿರಾಕಿಗಳು ಬೈದಿದ್ದು ಸುಳ್ಳಲ್ಲ."

ಹಿಂದಿನ ಒಲೆಗಳ ಹತ್ತಿರ ಸೌಟುಗಳ ಸದ್ದು ನಿಂತಿತು. ಯಜಮಾನರು ಕಡಿದ ತುಂಡನ್ನು ತಟ್ಟೆಗಿಟ್ಟರು. ಕೊನೆಗೆ ಪೊಟ್ಟಣವನ್ನು ಅವನ ಕಡೆ ತಳ್ಳಿದರು. ಅವನು ಕರಗಿಸಿ, ಬಾಣಲೆ ಕಾಯಿಸಿ, ಗುಳ್ಳೆ ದೊಡ್ಡದಾಗುವವರೆಗೆ ಕಾದು ಹೊರಳಿಸಿ ತಂದ. ಯಜಮಾನರು ಒಂದು ತಿಂದರು. ಇನ್ನೊಂದು ತಿಂದರು. ಮೂರನೆಯದಕ್ಕೆ ಕೈ ಹೋದದ್ದನ್ನು ಚೆಕ್ಕರಮ್ಮ ನೋಡಿದಳು.

"ಬೇರೆ ಒಲೆಗಳ ಹತ್ತಿರ ನೀನು ಹೋಗೋ ಹಾಗಿಲ್ಲ," ಅಂದರು ಬೆರಳು ಒರೆಸಿಕೊಳ್ಳುತ್ತಾ. "ರೆಕ್ಕೆ ಮಾತ್ರ. ಸಂಬಳ ಸ್ವಲ್ಪ ಇಳಿಯುತ್ತೆ. ಮೂರು ತಿಂಗಳು ನೋಡ್ತೀನಿ. ಪುಸ್ತಕದಲ್ಲಿರೋದು ಒಂದು ಗ್ರಾಂ ಆಚೀಚೆ ಆಗಬಾರದು." ಆಮೇಲೆ ಚೆಕ್ಕರಮ್ಮನ ಕಡೆ ತಿರುಗಿ, "ನೀವು ಈ ಬಾಗಿಲಲ್ಲಿ ಮತ್ತೆ ಕಾಣಿಸಬಾರದು" ಅಂದರು.

ಸಂಜೆ ಅತ್ತೆ ಅಳಿಯ ಇಬ್ಬರೂ ಮಗಳಿಗೆ ಎಲ್ಲ ಹೇಳಿದರು. ಅವಳು ಮೊದಲು ಗಂಡನ ಮೇಲೆ ಕೂಗಾಡಿದಳು, ಆಮೇಲೆ ತಾಯಿಯ ಮೇಲೆ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

"ನಾನು ಮಾಡಿದ್ದು ನಿಮಗೆ ಬೇಡವಾಗಿದೆ ಅಂದ್ಕೊಂಡಿದ್ದೆ," ಅಂದಳು. "ನಾಲ್ಕು ತಿಂಗಳು ಹಾಗೇ ಅಂದ್ಕೊಂಡು ಬೇಯಿಸಿದ್ದೀನಿ."

ಅವನು ಎದ್ದು ಹೋಗಿ ಅವಳ ಪಾಲಿನ ಪಾತ್ರೆಗಳನ್ನೆಲ್ಲ ತೊಳೆದ.

ಮರುದಿನ ಭಾನುವಾರ. ಅಳಿಯ ಮತ್ತೆ ಒಂದು ಕಿಲೋ ರೆಕ್ಕೆ ತಂದ. ಈ ಸಲ ಅಗ್ಗದ ಬೇರೆ ವಿನೆಗರ್ ಹಾಕಿ ನೋಡಬೇಕಿತ್ತು. ಯಾರಿಗೂ ಒಳಗೆ ಬರಬೇಡಿ ಅನ್ನಲಿಲ್ಲ. ಹೆಂಡತಿ ಬೆಳ್ಳುಳ್ಳಿ ಸುಲಿದಳು, ಮೊಮ್ಮಗಳು ತಕ್ಕಡಿ ಓದಿ ಹೇಳಿದಳು. ಉಪ್ಪು ಈಗ ಒಂಬತ್ತು ಗ್ರಾಂ. ಚಾಕು ತೊಳೆಯಲು ಹಿತ್ತಲಿಗೆ ಹೊರಟವನು ಬಾಗಿಲಲ್ಲಿ ನಿಂತು ಹಿಂದೆ ತಿರುಗಿ ನೋಡಿದ. ಅತ್ತೆ ಒಲೆಯ ಪಕ್ಕದಲ್ಲೇ ಇದ್ದಳು. ಅವನು ಅಲ್ಲಿಂದ ಕದಲಲಿಲ್ಲ.

"ಅಜ್ಜೀ, ಕೈ ತೋರಿಸಿ" ಅಂದಳು ಮೊಮ್ಮಗಳು.

"ಏಯ್, ಏನೇ ಅದು ಅಜ್ಜಿ ಹತ್ರ!" ಎಂದು ಮಗಳು ಗದರಿದಳು. ಆದರೆ ಅವಳ ಕಣ್ಣೂ ತಾಯಿಯ ಕೈಯ ಮೇಲೇ ಇತ್ತು.

ಚೆಕ್ಕರಮ್ಮ ಮೂವರನ್ನೂ ನೋಡಿದಳು. ಇಷ್ಟು ವರ್ಷ ಬಸ್ಸಿನಲ್ಲಿ ಎಷ್ಟೋ ಜನ ಜೇಬು, ಚೀಲ, ಸೆರಗಿನ ತುದಿ ತಡಕಾಡುತ್ತಾ ತನ್ನ ಮುಂದೆ ಹೀಗೆ ನಿಂತಿದ್ದರಲ್ಲ ಅನ್ನಿಸಿತು. ಎರಡೂ ಅಂಗೈ ಬಿಚ್ಚಿ ಮುಂದೆ ಹಿಡಿದಳು. ಏನೂ ಇರಲಿಲ್ಲ.

ಅಳಿಯ ಬಂದು ಚಮಚದಲ್ಲಿ ಪಾಕ ತೆಗೆದು, ಊದಿ ಆರಿಸಿ, ಅವಳ ಕೈಗೆ ಕೊಟ್ಟ. "ನೋಡಿ ಅತ್ತೆ."

ಅವಳು ನಾಲಿಗೆಯ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಇಟ್ಟುಕೊಂಡಳು. ಉಪ್ಪು ಸರಿಯಿತ್ತು. ಉಳಿದದ್ದು ಸರಿಯಿರಲಿಲ್ಲ. ಚೆನ್ನಾಗಿದೆ ಅಂದುಬಿಡಲು ನಾಲಿಗೆಯ ತುದಿಯವರೆಗೂ ಮಾತು ಬಂತು.

"ಹುಳಿ ಜಾಸ್ತಿಯಾಗಿದೆ ಕಣಪ್ಪಾ," ಅಂದಳು. "ಚೆನ್ನಾಗಿಲ್ಲ."

ಅವನು ಪುಸ್ತಕ ತೆರೆದು ಬರೆದುಕೊಂಡ.